ಟ್ರಂಕಿನ್ಯಾಗಿನ ಖಣ

ಇವತ್ತ ಖಣದ ಮಾತು. ನಮ್ಮ ಕಡೆ ಮದವ್ಯಾಗ ಖಣ ಕೊಡ್ತಾರ, ಉಡಿ ತುಂಬುವಾಗ ಕೊಡ್ತಾರ, ತವರಮನಿಯಿಂದ ಹೊಂಡುವಾಗ ಕೊಡ್ತಾರ. ನಾವು ಅದನ್ನ ಹೊಲಿಸ್ಕೊಳ್ಳೋದಿಲ್ಲ, ಟ್ರಂಕಿನ್ಯಾಗ ಇಡ್ತೀವಿ. ಮುಂದಿನ ಶ್ರಾವಣದಾಗ ಮತ್ತೊಬ್ಬಾಕಿ ಉಡ್ಯಾಗ ಹಾಕ್ತೀವಿ, ಆಕಿ ಇನ್ನೊಬ್ಬಾಕಿ ಉಡ್ಯಾಗ. ಹತ್ತು ಮನಿ ತಿರುಗಿದ್ರೂ ಆ ಖಣ ಒಬ್ಬಾಕಿ ಮೈಮ್ಯಾಲೂ ಏರೂದಿಲ್ಲ.

ಅವ್ವ ತೀರ್ಕೊಂಡು ವರ್ಷ ಆದ ಮ್ಯಾಲೆ ನಾವು ಮೂರೂ ಮಂದಿ ಅಕ್ಕತಂಗ್ಯಾರು ಕೂಡಿ ಆಕಿ ಟ್ರಂಕು ತಗದ್ವಿ. 19 ಖಣ ಇದ್ದುವು, ಎಲ್ಲಾ ಗುಳೇದಗುಡ್ಡದ ಹಳೇ ಮಗ್ಗದ್ದು. ಹಾಸು ರೇಷ್ಮಿ, ಹೊಕ್ಕು ಹತ್ತಿ, ಎರಡೂ ಕಡೆ ದಡಿ. ಒಂದರಾಗ ಆನಿ ಹೆಜ್ಜಿ, ಇನ್ನೊಂದರಾಗ ತೇರು. ಅಪ್ಪ ಹೋದ ಮ್ಯಾಲೆ ಅವ್ವಗ ಉಡಿ ತುಂಬೋದು ನಿಂತಿತ್ತು. ಅಂದ್ರ ಇವೆಲ್ಲಾ 22 ವರ್ಷದ ಹಿಂದಿನವು. ಆಕಿ ಒಂದನ್ನೂ ಯಾರಿಗೂ ದಾಟಿಸಿರ್ಲಿಲ್ಲ.

ದೊಡ್ಡಕ್ಕ ಅಂದ್ಲು, "ಅವ್ವನ ನೆನಪು ಇವು, ಕತ್ತರಿ ಹಾಕಬ್ಯಾಡ್ರಿ, ಹಂಗ ಇಡೂಣು." ಸಣ್ಣಾಕಿ ಏನೂ ಮಾತಾಡದ ಒಂದು ಖಣದ ಮಡಿಕಿ ಬಿಚ್ಚಿದ್ಲು. ಮಡಿಕಿ ಇದ್ದಲ್ಲೇ ಸೀಳಿ ಅದು ಎರಡು ತುಂಡಾಗಿ ಕೈಗೆ ಬಂತು. ಎಲ್ಲಾ ಬಿಚ್ಚಿ ನೋಡಿದ್ರ ನಾಕು ಖಣ ಹಿಂಗ ಹೋಗಿದ್ದುವು. ಹುಳ ತಿಂದಿಲ್ಲ, ಇಲಿ ಕಡದಿಲ್ಲ. ರೇಷ್ಮಿ ಎಳಿ ಒಂದ ಮಡಿಕ್ಯಾಗ ವರ್ಷಗಟ್ಟಲೆ ಕುಂತ್ರ ಅಲ್ಲೇ ಜೀವ ಬಿಡ್ತಾವ. ದೊಡ್ಡಕ್ಕ ಸುಮ್ಮನಾದ್ಲು. ಹಂಗ ಇಟ್ರ ನೆನಪೂ ಉಳಿಯಂಗಿಲ್ಲ, ಅರಬಿನೂ ಉಳಿಯಂಗಿಲ್ಲ ಅನ್ನೋದು ಕಣ್ಣಿಗೇ ಕಂಡಿತ್ತು.

ಅದ ಹೊತ್ತಿನ್ಯಾಗ ದೊಡ್ಡಕ್ಕನ ಮಗಳಿಗೆ ಏಳು ತಿಂಗಳು. ಪ್ಯಾಟಿ ಕಡೆ ಸೀಮಂತ ಅಂತಾರಲ್ಲ, ಅದಕ್ಕ ನಾವು ಕುಬಸ ಅಂತೀವಿ. ಹುಡುಗಿ ಫೋನಿನ್ಯಾಗ ಹೇಳಿದ್ಲು, "ಚಿಗವ್ವಾ, ನನಗ ಆಯಿ ಹಾಕ್ಕೊಂತಿದ್ದಂಥಾ ಗಂಟಿನ ಕುಬಸ ಬೇಕು." ಟೇಲರ್ ಮಾಸ್ತರ ಹತ್ರ ಕೇಳಿದೆ. "ಅಕ್ಕಾರ, ಅದೆಲ್ಲಾ ಈಗ ಬರಂಗಿಲ್ರಿ, ಹುಕ್ಕಿಂದು ಹೊಲದ ಕೊಡ್ತೀನಿ" ಅಂದ್ರು. ಸರಿ, ನಾನ ಕುಂತೆ.

ಅವ್ವನ ಒಂದು ಹಳೇ ಕುಬಸ ಟ್ರಂಕಿನ್ಯಾಗ ಇತ್ತು. ಅದನ್ನ ಬಿಚ್ಚಲಿಲ್ಲ. ಹಳೇದು ಬಿಚ್ಚದನ ಅಳತಿ ಹೆಂಗ ತಗೀಬೇಕು ಅಂದ್ರ, ಪೇಪರ್ ಹಾಸಿ ಅದರ ಮ್ಯಾಲೆ ಒಂದೊಂದ ಭಾಗ ಸಾಪಾಗಿ ಹಚ್ಚಿ, ಟಾಚಣಿ ಚುಚ್ಚಿ, ಹೊಲಿಗಿ ಇದ್ದ ಕಡೆ ಪೆನ್ಸಿಲ್ಲಿನ್ಯಾಗ ಚುಕ್ಕಿ ಇಡ್ರಿ. ಆಮ್ಯಾಲೆ ಚುಕ್ಕಿ ಕೂಡಿಸಿ, ಸುತ್ತಲೂ ಅರ್ಧ ಇಂಚು ಹೆಚ್ಚಿಗಿ ಬಿಟ್ಟು ಕತ್ತರಿಸ್ರಿ. ಬೆನ್ನಿಂದು ಒಂದು ತುಂಡು, ಮುಂದಿಂದು ಎರಡು, ತೋಳು ಎರಡು. ಬಗಲಾಗ ಒಂದೊಂದು ಸಣ್ಣ ಚೌಕ ತುಂಡು ಇತ್ತು. ಅದು ಯಾತಕ್ಕಂತ ಹೊಲಿಯುವಾಗ ತಿಳೀತು: ರೊಟ್ಟಿ ಬಡಿಯುವಾಗ, ನೀರು ಸೇದುವಾಗ ತೋಳು ಎತ್ತಿದ್ರೂ ಕುಬಸ ಮ್ಯಾಲೆ ಏರೂದಿಲ್ಲ. ಇವತ್ತಿನ ಬ್ಲೌಸಿನ್ಯಾಗ ಆ ತುಂಡು ಇಲ್ಲ, ಅದಕ್ಕ ಬಗಲಾಗ ಹಿಡೀತದ ಅಂತ ನಾವು ಒದ್ದಾಡ್ತೀವಿ.

ಖಣದ ಪನ್ನ ಸಣ್ಣದು, ಅವ್ವನವು 30 ಇಂಚಿನ ಆಸುಪಾಸು ಇದ್ದುವು. ಮೊಳಕೈ ತನಕ ತೋಳು ಬೇಕಂದ್ರ ಒಂದು ಖಣದಾಗ ಆಗಂಗಿಲ್ಲ. ಎರಡು ಖಣ ತಗೊಂಡು, ದಡಿ ತೋಳಿನ ತುದಿಗೆ ಬರೋಹಂಗ ಇಟ್ಟು ಕತ್ತರಿಸಿದೆ. ಹಳೇ ಅರಬಿಗೆ ಒಳಗ ತೆಳ್ಳನ್ನ ಹತ್ತಿ ಲೈನಿಂಗ್ ಕೊಡಲೇಬೇಕು, ಎಳ್ಯೋ ಭಾರ ಲೈನಿಂಗ್ ಮ್ಯಾಲೆ ಬೀಳ್ತದ. ಮಶೀನಿಗೆ 11 ನಂಬರ್ ಸೂಜಿ ಹಾಕ್ರಿ. ದಪ್ಪ ಸೂಜಿ ಹಾಕಿದ್ರ ರೇಷ್ಮ್ಯಾಗ ತೂತು ಉಳೀತಾವ.

ಮುಂದಿನ ಗಂಟು ಬರೇ ಚಂದಕ್ಕಲ್ಲ ನೋಡ್ರಿ. ಬಸರಾದಾಕಿ ಮೈ ತಿಂಗಳಿಂದ ತಿಂಗಳಿಗೆ ತುಂಬ್ತದ, ಗಂಟು ಸಡ್ಲ ಮಾಡಿದ್ರ ಆತು. ಕೂಸು ಹುಟ್ಟಿದ ಮ್ಯಾಲೆ ಹಾಲು ಕುಡಿಸಾಕೂ ಅದ ಅನುಕೂಲ. ಹಿಂದಿನ ಹೆಣ್ಣಮಕ್ಕಳು ಬಿಗಿ ಆತಂತ ವರ್ಷಕ್ಕೊಮ್ಮೆ ಹೊಲಿಗಿ ಬಿಚ್ಚಾಕ ಕೂಡ್ತಿರ್ಲಿಲ್ಲ.

ಸೀಳಿದ ನಾಕು ಖಣದಾಗ ಗಟ್ಟಿ ಇದ್ದ ಭಾಗ ಆರಿಸಿ ಸಣ್ಣ ಸಂಚಿ ಮಾಡಿದೆ, ಒಂದು ಗೇಣು ಉದ್ದ, ಬಾಯಿಗೆ ಎಳ್ಯೋ ದಾರ. 11 ಆದುವು. ಉಳಿದ ಚಿಂದಿ ಕೌದಿಗೆ ಎತ್ತಿಟ್ಟೀನಿ, ಹುಟ್ಟೋ ಕೂಸಿಗೆ.

ಕುಬಸದ ದಿನ ಬಂದ ಮುತ್ತೈದ್ಯಾರಿಗೆಲ್ಲಾ ಉಡಿ ತುಂಬಿದ್ರು. ನಮ್ಮ ಚಿಗವ್ವ, ಅವ್ವನ ತಂಗಿ, ಕಾಕಾ ತೀರ್ಕೊಂಡಾಗಿಂದ ಇಂಥಾ ಕಾರ್ಯದಾಗ ಅಡಗಿಮನಿ ಬಾಗಲಾಗ ನಿಲ್ತಾಳ. ಎಲ್ಲಾರೂ ಕರೀತಾರ, ಆಕಿ ಮುಂದ ಬರೂದಿಲ್ಲ. ನಮ್ಮ ಹುಡುಗಿ ಆ ಕುಬಸ ಹಾಕ್ಕೊಂಡಾಕಿ ಎದ್ದು ಹೋಗಿ, ಸಂಚ್ಯಾಗ ಎಲಿ ಅಡಕಿ ಉತ್ತತ್ತಿ ಹಾಕಿ ಚಿಗವ್ವನ ಕೈಯಾಗ ಕೊಟ್ಟು ಕಾಲು ಮುಟ್ಟಿದ್ಲು. ಯಾರೂ ಏನೂ ಅನ್ನಲಿಲ್ಲ. ಚಿಗವ್ವ ಸಂಚಿ ಮ್ಯಾಲೆ ಬಟ್ಟು ಆಡಿಸ್ಕೋತ, "ಅಕ್ಕನ ಖಣ ಇದು. ಇದನ್ನ ಆಕಿಗೆ ನಾನ ಕೊಟ್ಟಿದ್ದೆ" ಅಂದ್ಲು. ದೊಡ್ಡಕ್ಕ ಆಕಿ ಕೈ ಹಿಡ್ಕೊಂಡು ಒಳಗ ಕರ್ಕೊಂಡ ಬಂದು ಜಮಖಾನದ ಮ್ಯಾಲೆ ಕುಂದರ್ಸಿದ್ಲು. ಈಗ ಉಳಿದ ಖಣ ಕತ್ತರಿಸಾಕ ದೊಡ್ಡಕ್ಕನ ಅವಸರ ಮಾಡ್ತಾಳ.

ನೀವೂ ಹೊಲಿಯೋದಾದ್ರ ಎರಡು ಮಾತು ನೆನಪಿಡ್ರಿ. ಹಳೇ ಖಣದ ಬಣ್ಣ ಬಿಡಬಹುದು. ಮೊದಲ ಬಿಳಿ ಅರಬಿ ಹಸಿ ಮಾಡಿ ಒಂದು ಮೂಲಿಗೆ ಒತ್ತಿ ನೋಡ್ರಿ. ಪ್ಯಾಟ್ಯಾಗ ಖಣದ ಹೆಸರಲೆ ಪಾಲಿಸ್ಟರ್ ಭಾಳ ಬರ್ತಾವ; ಸಂಶಯ ಬಂದ್ರ ಒಂದೆಳಿ ಕಿತ್ತು ಸುಟ್ಟು ನೋಡ್ರಿ. ರೇಷ್ಮಿ ಕೂದಲು ಸುಟ್ಟಂಗ ವಾಸನಿ ಬರ್ತದ, ಹತ್ತಿ ಕಾಗದ ಸುಟ್ಟಂಗ, ಪಾಲಿಸ್ಟರ್ ಕರಗಿ ಗಟ್ಟಿ ಗುಂಡು ಆಗ್ತದ.

ಇನ್ನ ಹೊಲಿಯಾಕ ಆಗದಿದ್ರ, ನಿಮ್ಮ ಟ್ರಂಕಿನ ಖಣ ತಗದು ಗಾಳಿಗೆ ಹಿಡಿದು, ಮಡಿಕಿಯರೆ ಬದಲಿ ಮಾಡಿ ಇಡ್ರಿ. ಯಾರು ಕೊಟ್ಟದ್ದಂತ ನೆನಪಿದ್ರ ಒಂದು ಚೀಟಿ ಬರದು ಒಳಗ ಹಾಕ್ರಿ. ಹೇಳೂ ಮಂದಿ ಇದ್ದಾಗ ಕೇಳಿ ಬರ್ಕೋರಿ.