ಗುಂಡನ ಕಲ್ಯಾಣಿ

“ಅಲ್ಲ ಕಣೋ, ಕಪ್ಪೆಗೆ ಮನೆ ಕಟ್ಟೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲಿ ಬಚ್ಚಲ ಹಿಂದೆ ಎಷ್ಟು ಬೇಕೋ ಅಷ್ಟಿದ್ವಲ್ಲೋ!”

ತಿಪಟೂರಿನಿಂದ ಅಮ್ಮ ವಿಡಿಯೊ ಕಾಲಿನಲ್ಲಿ ಹೀಗೆ ಕೇಳಿದಾಗ ನಾನು ಡಲ್ಲಾಸ್ ಹತ್ತಿರದ ನಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ಮೊಣಕೈವರೆಗೆ ಕೊಕೊಪೀಟ್ ಮೆತ್ತಿಕೊಂಡಿದ್ದೆ. ಅಮ್ಮ ಹೇಳಿದ್ದು ಸರಿ. ಆದರೆ ಊರಿನ ಗೋಂಕರು ಕಪ್ಪೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿದು ಸಾಕುವ ಹಾಗಿಲ್ಲ. ನಮ್ಮದು ದಕ್ಷಿಣ ಆಫ್ರಿಕಾ ಕಡೆಯ ಜಾತಿ, ಸಾಕಿದವರ ಮನೆಯಲ್ಲೇ ಹುಟ್ಟಿದ್ದು. ಅಂಗಡಿಯವರು ‘ಪಿಕ್ಸಿ’ ಎನ್ನುತ್ತಾರೆ. ಪಿಕ್ಸಿ ಎಂದರೆ ಅಂಗೈಮೇಲೆ ಕೂರುವ ಯಕ್ಷಿಣಿ ಅಂತ ಮಗಳು ಖುಷಿಯಾಗಿದ್ದಳು. ಅಸಲಿಗೆ ಅದು ಪಿಕ್ಸಿಸೆಫಾಲಸ್ ಎಂಬ ಶಾಸ್ತ್ರೀಯ ಹೆಸರಿನ ತುಂಡು. ಗ್ರೀಕಿನಿಂದ ಬಂದದ್ದು, ಅರ್ಥ ‘ಡಬ್ಬಿ ತಲೆ’. ತಂದಾಗ ನಿಂಬೆಹಣ್ಣಿನಷ್ಟಿದ್ದ ಯಕ್ಷಿಣಿ ಈಗ 700 ಗ್ರಾಂ. ಗಂಡಾದ್ದರಿಂದ ಕಿಲೋ ದಾಟಿದರೂ ಆಶ್ಚರ್ಯವಿಲ್ಲ. ಹೆಸರು ಗುಂಡ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವ ಕಷ್ಟದ ಬಗ್ಗೆ ನಮ್ಮಲ್ಲಿ ಮಾತಿದೆಯಲ್ಲ, ಆ ಮಾತು ಹುಟ್ಟಿಸಿದವರಿಗೆ ಒಂದೇ ಕಪ್ಪೆಯನ್ನು ತೂಗುವ ಕಷ್ಟವೂ ಗೊತ್ತಿದ್ದಿರಬೇಕು.

ಗಾಜಿನ ತೊಟ್ಟಿಯಲ್ಲಿ ಮಣ್ಣು ತುಂಬುವುದು ಸುಲಭ, ನೀರು ತುಂಬುವುದು ಇನ್ನೂ ಸುಲಭ. ಕಷ್ಟವೆಲ್ಲ ದಡದ್ದು. ಕೆರೆ ಏರಿಯ ಮೇಲೆ ಓಡಾಡಿ ಬೆಳೆದವನಿಗೆ ಇಷ್ಟು ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ಮೊದಲ ಸಲ 90 ಸೆಂಟಿಮೀಟರ್ ಉದ್ದದ ತೊಟ್ಟಿಗೆ ನಡುವೆ ಗಾಜಿನ ಅಡ್ಡಗೋಡೆ ನಿಲ್ಲಿಸಿ ಸಿಲಿಕೋನ್ ಹಚ್ಚಿದೆ. ಅದರ ವಿನೆಗರ್ ವಾಸನೆ ಪೂರ್ತಿ ಹೋಗಲೆಂದು ವಾರ ಕಾದೆ. ಎಡಕ್ಕೆ ನೆಲ, ಬಲಕ್ಕೆ ಕೊಳ, ನಡುವೆ ಚಂದದ ಇಳಿಜಾರು. ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿ ಬಂದೆ, ಅಷ್ಟು ಹೆಮ್ಮೆ. ಬೆಳಿಗ್ಗೆ ಕೊಳ ಅರ್ಧ ಖಾಲಿ, ನೆಲವೆಲ್ಲ ರಾಡಿ. ಗಾಜು ಸೋರಿರಲಿಲ್ಲ. ಗೋಡೆಯ ತುದಿ ದಾಟಿ ನೀರಿಗೆ ಇಳಿಬಿದ್ದಿದ್ದ ಕೊಕೊಪೀಟ್, ದೀಪದ ಬತ್ತಿ ಎಣ್ಣೆ ಹೀರುವಂತೆ ರಾತ್ರಿಯಿಡೀ ನೀರು ಹೀರಿ ಆಚೆ ದಾಟಿಸಿತ್ತು.

ಇನ್ನೊಂದು ಸಂಗತಿ ಗುಂಡನೇ ಕಲಿಸಿದ. ನೀರಿಗೆ ಇಳಿದ ತಕ್ಷಣ ಅವನಿಗೆ ಹೊಟ್ಟೆ ಸಡಿಲವಾಗುತ್ತದೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರುತ್ತದೆ. ಅಂದರೆ ಕೂತ ನೀರೇ ಕುಡಿಯುವ ನೀರು. ದಿನಾ ಬದಲಿಸಲೇಬೇಕು, ಅಂಟಿಸಿಟ್ಟ ಕೊಳವನ್ನು ಎತ್ತಿ ತೊಳೆಯುವುದು ಹೇಗೆ? ಹತ್ತು ದಿನ ಪೈಪಿನಿಂದ ನೀರು ಎಳೆದು ಎಳೆದು ಸಾಕಾಯಿತು. ಚಿತ್ರಗಳಲ್ಲಿ ಕಾಣುವ ಪುಟ್ಟ ಜಲಪಾತ, ಬಿದಿರಿನ ದೋಣಿ ಎಲ್ಲ ನೋಡುವವರ ಕಣ್ಣಿಗೆ ಕಟ್ಟಿದ್ದು, ಕಪ್ಪೆಗಲ್ಲ.

ಆಗ ನೆನಪಾದದ್ದು ಕಲ್ಯಾಣಿ. ಮೆಟ್ಟಿಲಿಳಿದರೆ ನೀರು, ಹತ್ತಿದರೆ ಒಣ ನೆಲ, ಮಣ್ಣಿಗೂ ನೀರಿಗೂ ನಡುವೆ ಕಲ್ಲು. ಅಡಿಗೆಮನೆಯಲ್ಲಿ ಕೇಕ್ ಬೇಯಿಸುವ ಅಗಲವಾದ ಗಾಜಿನ ಟ್ರೇ ಒಂದಿತ್ತು. (ಕೇಳಿ ತೆಗೆದುಕೊಂಡೆನೆಂದು ಹೇಳಲಾರೆ.) ಅದನ್ನು ಮಣ್ಣಿನಲ್ಲಿ ಹೂತು, ಅಂಚು ಮಾತ್ರ ಎರಡು ಬೆರಳು ಮೇಲೆ ಉಳಿಸಿದೆ; ಬತ್ತಿಯ ಆಟ ಅಲ್ಲಿಗೆ ನಿಂತಿತು. ಒಳಗೂ ಹೊರಗೂ ಕಡಪ ಕಲ್ಲಿನಂಥ ಸ್ಲೇಟ್ ಬಿಲ್ಲೆಗಳನ್ನು ಮೆಟ್ಟಿಲಾಗಿ ಜೋಡಿಸಿದೆ. ಚೂಪಿದ್ದ ಮೂಲೆಗಳನ್ನು ಉಜ್ಜಿ ನಯ ಮಾಡಿದೆ. ಒಂದೊಂದು ಕಲ್ಲೂ ಅವನ ಬಾಯಿಗಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ನುಂಗುತ್ತಾನೆ. ಈಜಿನಲ್ಲಿ ಗುಂಡ ನಮ್ಮ ಕೆರೆ ಕಪ್ಪೆಗಳ ಹತ್ತಿರ ಸುಳಿಯಲಾರ. ಕೂತಾಗ ನೀರು ಗದ್ದ ದಾಟಬಾರದು. ನಲ್ಲಿ ನೀರಿನ ಕ್ಲೋರಮೈನ್ ಬಕೆಟ್‌ನಲ್ಲಿ ರಾತ್ರಿಯಿಡೀ ಇಟ್ಟರೂ ಹೋಗುವುದಿಲ್ಲ, ಅದಕ್ಕೆ ಬೇರೆ ಔಷಧದ ಹನಿ ಹಾಕಬೇಕು.

ಇನ್ನು ನೆಲ. ನನಗೆ ತುಂಬ ಇಷ್ಟದ ಕೆಲಸ ಇದೇ. ಕೊಕೊಪೀಟ್ ಇಟ್ಟಿಗೆಯ ಚೀಟಿಯ ಮೇಲೆ ‘ಭಾರತದ ಉತ್ಪನ್ನ’ ಎಂದಿತ್ತು. ಬಿಸಿನೀರು ಸುರಿದೆ. ಮೊದಲು ಮೂಲೆ ಬಿರಿಯಿತು, ಆಮೇಲೆ ಒಳಗಿನಿಂದ ಯಾರೋ ತಳ್ಳುತ್ತಿರುವ ಹಾಗೆ ಪದರ ಪದರ ಬಿಚ್ಚಿಕೊಂಡು ಬಕೆಟ್ ತುಂಬ ಉಬ್ಬಿತು. ಅದರ ವಾಸನೆ! ಕೊಬ್ಬರಿ ಸುಲಿದು ಹಿತ್ತಿಲಲ್ಲಿ ರಾಶಿ ಹಾಕಿದ ಸಿಪ್ಪೆ ಮೊದಲ ಮಳೆಗೆ ನೆನೆದಾಗಿನ ವಾಸನೆ. ಗೊಬ್ಬರ ಸೇರದ ಮಣ್ಣು ಬೆರೆಸಿ ಹದ ನೋಡಿದೆ. ಮುಷ್ಟಿಯಲ್ಲಿ ಅಮುಕಿದರೆ ತಂಬಿಟ್ಟಿನ ಉಂಡೆಯಂತೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಅದನ್ನು ಒಂದು ಗೇಣು ಆಳಕ್ಕೆ ತುಂಬಿದೆ. ಇವನ ಬಂಧುಗಳು ಮಳೆಯಿಲ್ಲದ ಕಾಲದಲ್ಲಿ ಸುಲಿದ ಚರ್ಮವನ್ನೇ ಹೊದ್ದು ತಿಂಗಳುಗಟ್ಟಲೆ ನೆಲದೊಳಗೆ ಮಲಗುವವರು, ಮಳೆ ಬಿದ್ದರೆ ಏಳುವವರು. ನೆಲ ತೆಳುವಾದರೆ ಹೇಗೆ?

ಗುಂಡನನ್ನು ಬಿಟ್ಟೆ. ಮೆಟ್ಟಿಲನ್ನಾಗಲಿ ನೀರನ್ನಾಗಲಿ ಅವನು ನೋಡಲಿಲ್ಲ. ಹಿಂಗಾಲಿನ ಅಡಿಯಲ್ಲಿ ಗುದ್ದಲಿಯಂಥ ಗಟ್ಟಿ ಉಬ್ಬೊಂದಿದೆ. ಅದರಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಣ್ಣು ಸರಿಸುತ್ತ, ಬಸ್ಸು ರಿವರ್ಸ್ ಬರುವ ಹಾಗೆ ನಿಧಾನಕ್ಕೆ ಹಿಂದಿನಿಂದ ಇಳಿದ. ನಾನು ನೆಟ್ಟ ಮನಿ ಪ್ಲಾಂಟ್ ಬುಡಸಮೇತ ಎದ್ದಿತು. ಕೊನೆಗೆ ಉಳಿದದ್ದು ಎರಡು ಕಣ್ಣು. ಕಾಡಿನಲ್ಲಿ ಈ ಜಾತಿಯ ಗಂಡು ಗೊದಮೊಟ್ಟೆಗಳಿದ್ದ ಗುಂಡಿ ಬತ್ತತೊಡಗಿದರೆ ಪಕ್ಕದ ನೀರಿಗೆ ಕಾಲುವೆ ತೋಡಿ ಮಕ್ಕಳನ್ನು ದಾಟಿಸುತ್ತದೆ. ಅಂಥ ನೀರಗಂಟಿಯ ಮುಂದೆ ನನ್ನ ಎಂಜಿನಿಯರಿಂಗ್ ಏನು ಮಹಾ!

ಮೂರನೆಯ ರಾತ್ರಿ ಇಳಿದ. ಹಿಂಭಾಗ ನೀರಿನಲ್ಲಿ, ಮುಂಗಾಲೆರಡೂ ಮೇಲಿನ ಮೆಟ್ಟಿಲ ಮೇಲೆ, ಸಂಜೆ ಸೋಪಾನದ ಮೇಲೆ ಕಾಲು ಇಳಿಬಿಟ್ಟು ಕೂತ ಹಿರಿಯರ ಹಾಗೆ. ದೀಪ ಹಾಕದೆ ಅರ್ಧ ಗಂಟೆ ನೋಡಿದೆ. ಆಮೇಲೆ ಚಿಮಟದಲ್ಲಿ ಒಂದು ಎರೆಹುಳ ತೋರಿಸಿದೆ. ಕೈ ಸರಿಸಿಯೇ ತೋರಿಸಬೇಕು. ಕೆಳದವಡೆಯಲ್ಲಿ ಹಲ್ಲಿನಂಥ ಮೊನೆಗಳಿವೆ, ಕಚ್ಚಿದರೆ ರಕ್ತ ಬರುತ್ತದೆ. ಕಪ್ಪೆ ನುಂಗುವಾಗ ಕಣ್ಣುಗುಡ್ಡೆ ಒಳಗಿಳಿದು ತುತ್ತನ್ನು ಗಂಟಲಿಗೆ ನೂಕುತ್ತದೆ. ಪ್ರತಿ ಗುಟುಕಿಗೂ ಗಾಢವಾಗಿ ಯೋಚಿಸುತ್ತಿರುವಂಥ ಮುಖ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

“ರೀ, ನನ್ನ ಗಾಜಿನ ಟ್ರೇ ಎಲ್ಲಾದ್ರೂ ನೋಡಿದ್ರಾ?”

ನಾನು ಗುಂಡನತ್ತ ನೋಡಿದೆ. ಅವನು ಎರಡೂ ಕಣ್ಣು ಮುಚ್ಚಿಕೊಂಡ.