ಅಢಾವೆ ಪತ್ರಿಕೆ ನಮ್ಮ ಕೇರಿಗೂ ಬೇಕು



ಸೆಪ್ಟೆಂಬರ್ ಬಂತು ಅಂದ್ರೆ ನಮ್ಮ ಐನಾಪುರ, ಉಗಾರ, ಕಾಗವಾಡ ಕಡೆ ಸಹಕಾರಿ ಸಂಘಗಳ ವಾರ್ಷಿಕ ಸಭೆಗಳ ಸುಗ್ಗಿ. ಪೆಂಡಾಲು, ಶಾಲು, ಹಾರ, ಊಟ. ಕೈಗೊಂದು ವರದಿ ಪುಸ್ತಕ ಕೊಡ್ತಾರೆ. ಮೊದಲ ಪುಟಗಳಲ್ಲಿ ಆಡಳಿತ ಮಂಡಳಿಯ ಫೋಟೋ. ಆ ಸಾಲಿನಲ್ಲಿ ನಮ್ಮವರೂ ಒಬ್ಬರು ಇರ್ತಾರೆ, ಮೀಸಲು ಸ್ಥಾನದ ನಿರ್ದೇಶಕರು. ಕೊನೆಯ ಪುಟಗಳಲ್ಲಿ ಅಂಕಿಗಳು. ನಮ್ಮ ಜನ ಫೋಟೋ ನೋಡಿ, ಊಟ ಮಾಡಿ, ಪುಸ್ತಕ ತಂದು ಮಾಡದಾಗ ಇಡ್ತಾರೆ. ನಾನು ಇವತ್ತು ಬರೀತಿರೋದು ಆ ಕೊನೆಯ ಪುಟಗಳ ಬಗ್ಗೆ.

ನನ್ನದು ಗುಮಾಸ್ತನ ನೌಕರಿ. ಬಿಲ್ಲು, ವೋಚರು, ಕಿರ್ದಿ ಬರೆದು ಬರೆದು ಕೈ ಸವೆದಿದೆ. ಆದರೆ ಲೆಕ್ಕ ಬರೆಯೋದು ಬೇರೆ, ಬರೆದ ಲೆಕ್ಕ ಓದೋದು ಬೇರೆ. ಬಿ.ಎ.ದಾಗ ಅದನ್ನ ಯಾರೂ ಕಲಿಸೋದಿಲ್ಲ. ಕಲಿಯುವ ಗರಜು ಬಿದ್ದದ್ದು ನಮ್ಮ ಕೇರಿಯ ಹೆಣ್ಣುಮಕ್ಕಳಿಂದ. ಕಬ್ಬಿನ ಹೊಲದಾಗ ಕಳೆ ತೆಗೆದು ವಾರವಾರ ಕೂಡಿಸಿದ ಉಳಿತಾಯದ ರೊಕ್ಕ ಅವರದು. ಒಂದು ಪತ್ತಿನ ಸಂಘ (ಹೆಸರು ಬರೆಯೋದಿಲ್ಲ) ಬ್ಯಾಂಕಿಗಿಂತ ಹೆಚ್ಚಿಗೆ ಬಡ್ಡಿ ಕೊಡ್ತೀವಿ ಅಂದಿತ್ತು. ಸ್ವಲ್ಪ ರೊಕ್ಕ ಆಗಲೇ ಇಟ್ಟಿದ್ದರು. "ಅಣ್ಣಾ, ಉಳಿದದ್ದೂ ಅಲ್ಲೇ ಠೇವು ಇಡೋಣೋ ಬ್ಯಾಡೋ?" ಅಂತ ವರದಿ ಪುಸ್ತಕ ನನ್ನ ಮುಂದೆ ಇಟ್ಟರು.

ಇಲ್ಲಿ ಒಂದು ಮಾತು ಎಲ್ಲರೂ ತಿಳಿದಿರಬೇಕು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಅದು ಸಹಕಾರಿ ಬ್ಯಾಂಕ್ ಆದರೂ ಸರಿ, 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷ ಇತ್ತು. ಪತ್ತಿನ ಸಂಘ, ಸೌಹಾರ್ದ ಸಂಘಗಳ ಠೇವಿಗೆ ಆ ವಿಮೆ ಇಲ್ಲ. ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲಾ ಬ್ಯಾಂಕಿನಂಗೇ ಇರ್ತಾವೆ, ವಿಮೆ ಮಾತ್ರ ಇಲ್ಲ. ಸಂಘ ಮುಳುಗಿದರೆ ಕೂಲಿಯವರ ರೊಕ್ಕ ಮುಳುಗಿತು ಅಂತಲೇ ಅರ್ಥ.

ಸಹಕಾರ ಸಂಘಗಳ ಆಡಿಟ್ ಮಾಡಿ ನಿವೃತ್ತರಾದ ಒಬ್ಬ ಹಿರಿಯರ ಮನೆಗೆ ಹೋದೆ. ಅವರು ನಮ್ಮ ಸಮುದಾಯದವರಲ್ಲ, ನೀವು ಕೇಳೇ ಕೇಳ್ತೀರಿ ಅಂತ ಮೊದಲೇ ಹೇಳ್ತಿದ್ದೇನೆ. ಒಳಗೆ ಕರೆದು ತಮ್ಮ ಮೇಜಿನ ಮುಂದೆಯೇ ಕೂರಿಸಿದರು. ಪುಸ್ತಕ ತೆರೆದು ನಾನು ಲಾಭದ ಅಂಕಿ ಹುಡುಕುತ್ತಿದ್ದೆ. "ಅದನ್ನ ಕಡೀಕ ಓದ್ರಿ. ಮೊದಲ ಅಢಾವೆ ಪತ್ರಿಕೆ ತಗೀರಿ. ಎಡಕ್ಕ ಇರೋದು ಯಾರ್ಯಾರ ರೊಕ್ಕ, ಬಲಕ್ಕ ಇರೋದು ಅದು ಎಲ್ಲಿ ಹೋಗೇತಿ ಅಂತ. ಇಷ್ಟ ತಿಳದ್ರ ಅರ್ಧಾ ಕೆಲಸ ಆತು," ಅಂದರು.

ಎಡಕ್ಕೆ ಶೇರು ಬಂಡವಾಳ, ಕಾಯ್ದಿಟ್ಟ ನಿಧಿ, ಠೇವುಗಳು. ಬಲಕ್ಕೆ ಕೈಯಲ್ಲಿರುವ ನಗದು, ಬ್ಯಾಂಕಿನಲ್ಲಿರುವ ಶಿಲ್ಕು, ಕೊಟ್ಟ ಸಾಲ, ಕಟ್ಟಡ, ಮತ್ತೆ 'ಬರತಕ್ಕ ಬಡ್ಡಿ' ಅಂತ ಒಂದು ಸಾಲು. ಅದರ ಮೇಲೆ ಬೆರಳಿಟ್ಟು ಹೋದ ವರ್ಷದ ಪುಸ್ತಕವನ್ನೂ ಕೇಳಿದರು. ತಿಳಿಯಲಿ ಅಂತ ದುಂಡು ಅಂಕಿಯಲ್ಲಿ ಹೇಳ್ತೇನೆ. ಸಂಘ 10 ಲಕ್ಷ ಲಾಭ ಅಂತ ಬರೆದಿದೆ. ಬರತಕ್ಕ ಬಡ್ಡಿ ಹೋದ ವರ್ಷ 20 ಲಕ್ಷ ಇದ್ದದ್ದು ಈ ವರ್ಷ 50 ಲಕ್ಷ ಆಗಿದೆ. ಅಂದರೆ ಸಾಲಗಾರರು ಕಟ್ಟದೇ ಇರುವ 30 ಲಕ್ಷ ಬಡ್ಡಿಯನ್ನೂ ಆದಾಯ ಅಂತ ಹಿಡಿದಿದ್ದಾರೆ. ಲಾಭ ಕಾಗದದ ಮೇಲೆ, ಆದರೆ ಡಿವಿಡೆಂಡ್ ಹಂಚೋದು ನಗದಿನಲ್ಲಿ. ಆ ನಗದು ಎಲ್ಲಿಂದ ಬರುತ್ತದೆ? ಎಡಗಡೆಯ ಹೊಸ ಠೇವಿನಿಂದ. ಇಲ್ಲಿಗೆ ಬಂದಾಗ ನನಗೆ ಮೈ ಝುಮ್ ಅಂತು. ಸುಸ್ತಿಯಾದ ಬಡ್ಡಿಗೆ ಎಡಗಡೆ ಅಷ್ಟೇ ನಿಧಿ ತೆಗೆದಿಟ್ಟಿದ್ದರೆ ಹೆದರಿಕೆ ಕಡಿಮೆ, ಅದನ್ನೂ ನೋಡಬೇಕು ಅಂದರು. ಮುಖಪುಟದ ಮೇಲೆ 'ಅ' ವರ್ಗ ಅಂತ ದೊಡ್ಡದಾಗಿ ಹಾಕಿರ್ತಾರಲ್ಲ, ಅದಕ್ಕಿಂತ ಆಡಿಟರ್ ಬರೆದ ನ್ಯೂನತೆಗಳ ಪಟ್ಟಿ ಕೇಳಿ ಓದ್ರಿ ಅಂತಲೂ ಹೇಳಿದರು.

ಇನ್ನೊಬ್ಬ ಗುರು ಸಕ್ಕರೆ ಕಾರ್ಖಾನೆಯೊಂದರ ಅಕೌಂಟ್ಸ್‌ನಲ್ಲಿ ದುಡಿದ ನಮ್ಮ ಕಾಕಾ. ಅವರ ಮಾತು ಇನ್ನೂ ಸಸಾರ: "ಅಢಾವೆ ಪತ್ರಿಕೆ ಅಂದ್ರ ಮಾರ್ಚ್ 31ರ ಫೋಟೋ ಅಪ್ಪಾ. ಫೋಟೋಕ್ಕ ಎಲ್ಲಾರೂ ತಲಿ ಬಾಚಿಕೊಂಡ ನಿಂತಿರ್ತಾರ." ಮಾರ್ಚ್ ಅಂದ್ರೆ ಕಬ್ಬು ನುರಿಸಿ ಮುಗಿಯುವ ಕಾಲ, ಗೋದಾಮು ತುಂಬ ಸಕ್ಕರೆ, ಅದರ ಮೇಲೆ ಬ್ಯಾಂಕಿನ ಸಾಲವೂ ತುಂಬ. ಆ ಒಂದು ದಿನದ ಸಾಲ ನೋಡಿ ಕಾರ್ಖಾನೆ ಮುಳುಗಿತು ಅನ್ನೋ ಹಾಗಿಲ್ಲ. ಬದಲಿಗೆ ಕಬ್ಬು ಬೆಳೆದವರಿಗೆ ಕೊಡಬೇಕಾದ ಬಾಕಿ ಎಷ್ಟು ನೋಡು ಅಂತಾರೆ, ಕಬ್ಬು ಹಾಕಿದ 14 ದಿನದೊಳಗೆ ಬಿಲ್ಲು ಕೊಡಬೇಕು ಅಂತ 1966ರ ಆದೇಶವೇ ಇದೆ. ಪತ್ತಿನ ಸಂಘಗಳಲ್ಲಿ ತಲಿ ಬಾಚೋದು ಬೇರೆ ಥರ. ಮಾರ್ಚ್ ಕೊನೆಗೆ ಹಳೇ ಸಾಲ ತೀರಿತು ಅಂತ ಬರೆದು, ಏಪ್ರಿಲ್‌ದಾಗ ಅದೇ ಮನುಷ್ಯನಿಗೆ ಹೊಸ ಸಾಲ. ಸುಸ್ತಿ ಕಾಣೋದೇ ಇಲ್ಲ.

ಇದನ್ನೆಲ್ಲಾ ನಮ್ಮ ಅಕ್ಕಂದಿರ ಮುಂದೆ ನೆಲದ ಮೇಲೆ ಸೀಮೆಸುಣ್ಣದಿಂದ ಎಡ-ಬಲ ಗೆರೆ ಹೊಡೆದು ಹೇಳಿದೆ. ನಾನು ಮುಗಿಸೋಕೆ ಮುಂಚೆ, ಸಾಲಿ ಮೆಟ್ಟಿಲು ಹತ್ತದ ಒಬ್ಬಾಕಿ ಅಂದಳು: "ನಮ್ಮ ರೊಕ್ಕ ಎಡಕ್ಕ ಐತಿ, ಬಲಕ್ಕ ನಮ್ಮವರ ಸಾಲ ಎಷ್ಟೈತಿ?" ಹೌದಲ್ಲ! ಕೇರಿಯ ಠೇವು ಬೇಕು, ಕೇರಿಯವರು ಸಾಲ ಕೇಳಿದರೆ ಜಾಮೀನುದಾರರು ಸಾಲದು. ಆಡಿಟರ್ ಸಾಹೇಬರೂ ಹೇಳದ ಪ್ರಶ್ನೆ ಅದು. ಅಢಾವೆ ಪತ್ರಿಕೆಯಲ್ಲಿ ಜಾತಿಯ ಕಾಲಂ ಇರೋದಿಲ್ಲ, ಸಾಲದ ಯಾದಿ ಕೇಳಿದರೆ ಕಾಣ್ತದೆ.

ವಾರ್ಷಿಕ ಸಭೆಯಲ್ಲಿ ಆಕೆಯೇ ಎದ್ದು ನಿಂತು ಬರತಕ್ಕ ಬಡ್ಡಿಯ ಬಗ್ಗೆ ಕೇಳಿದಳು. "ಅದೆಲ್ಲಾ ನಿಮಗ ತಿಳಿಯೂದಲ್ಲ, ಕೂಡ್ರಿ" ಅಂತ ವೇದಿಕೆಯಿಂದ ಬಂತು. ಕೂಡಲಿಲ್ಲ. ಲಿಖಿತವಾಗಿ ಉತ್ತರ ಕೊಡ್ತೀವಿ ಅನ್ನುವ ತನಕ ನಿಂತೇ ಇದ್ದಳು. ಮೀಸಲು ಸ್ಥಾನದ ನಮ್ಮ ನಿರ್ದೇಶಕರು ಚಪ್ಪರ ನೋಡ್ತಾ ಇದ್ದರು.

ನಾವು ಬಾಬಾಸಾಹೇಬರನ್ನ ಸಂವಿಧಾನದ ಜೊತೆಗಷ್ಟೇ ನೆನೀತೇವೆ. 1925 ನೋಡ್ರಿ. ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯ ಸಮ್ಮೇಳನಕ್ಕೆ ಬಂದಿದ್ದರು. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಬಗ್ಗೆ ಅವರು ಬರೆದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು ಅದೇ ವರ್ಷ. ಅದೇ ವರ್ಷದಿಂದ 1928ರವರೆಗೆ ಮುಂಬೈಯ ಬಾಟ್ಲಿಬಾಯ್ ಅಕೌಂಟೆನ್ಸಿ ತರಬೇತಿ ಸಂಸ್ಥೆಯಲ್ಲಿ ಲೆಕ್ಕ ಕಲಿಯುವ ಹುಡುಗರಿಗೆ ವ್ಯಾಪಾರಿ ಕಾನೂನು ಹೇಳಿಕೊಡುತ್ತಿದ್ದರು. ನೀಲಿ ಕೋಟಿನ ಪ್ರತಿಮೆ ನಿಲ್ಲಿಸುವ ನಾವು ಈ ಲೆಕ್ಕದ ಮೇಷ್ಟ್ರನ್ನ ಮರೆತದ್ದು ನನಗಂತೂ ಸರಿ ಕಾಣೋದಿಲ್ಲ.

ಸರ್ಕಾರದ ಲೆಕ್ಕವನ್ನೂ ಇದೇ ಎಡ-ಬಲದ ಪ್ರಶ್ನೆ ಹಾಕಿ ಓದಬಹುದು. 2024-25ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿಗೆ 39,121 ಕೋಟಿ ಅಂದರು. ಯಾರ ರೊಕ್ಕ? ನಮ್ಮದು, 2013ರ ಕಾಯ್ದೆ ಪ್ರಕಾರ. ಎಲ್ಲಿ ಹೋಯಿತು? ಅದರಲ್ಲಿ 14,282 ಕೋಟಿ ಗ್ಯಾರಂಟಿ ಯೋಜನೆಗಳಿಗೆ. ಗ್ಯಾರಂಟಿ ಬೇಡ ಅನ್ನುವವ ನಾನಲ್ಲ, ನಮ್ಮ ಮನೆಯಲ್ಲೂ ಗೃಹಲಕ್ಷ್ಮಿ ಬರ್ತದೆ. ಎಲ್ಲರಿಗೂ ಕೊಡುವುದನ್ನ ನಮಗೆ ಮಾತ್ರ ನಮ್ಮದೇ ಗಂಟಿನಿಂದ ಬಿಚ್ಚಿ ಕೊಡೋದು ಯಾವ ಲೆಕ್ಕ ಅಂತ ಕೇಳ್ತಿದ್ದೇನೆ.

ಪತ್ತಿನ ಸಂಘದ ಲಿಖಿತ ಉತ್ತರ ಇನ್ನೂ ಬಂದಿಲ್ಲ. ಹೊಸ ಠೇವು ಇಡೋದು ಬೇಡ, ಮುದ್ದತು ಮುಗಿದದ್ದನ್ನ ತೆಗೆದು ಬ್ಯಾಂಕಿಗೆ ಹಾಕೋಣ ಅಂತ ಅಕ್ಕಂದಿರೇ ಕೂತು ಠರಾವು ಬರೆದಿದ್ದಾರೆ. ಬರುವ ಭಾನುವಾರ ಸಂಜೆ ನಮ್ಮ ಕೇರಿಯಲ್ಲಿ ಮತ್ತೆ ಕೂಡ್ತೀವಿ, ಆಡಿಟರ್ ಸಾಹೇಬರೂ ಬರ್ತೀನಿ ಅಂದಿದ್ದಾರೆ. ಅಥಣಿ, ರಾಯಬಾಗ ಕಡೆಯವರೂ ಬರ್ರಿ. ಬರುವಾಗ ನಿಮ್ಮ ಸಂಘದ ವರದಿ ಪುಸ್ತಕ ತರ್ರಿ, ಈ ವರ್ಷದ್ದೂ, ಹೋದ ವರ್ಷದ್ದೂ.

ಜೈ ಭೀಮ್.