ಅಪ್ಪನ ಕಣ್ಣಿಗೆ ಸಿಕ್ಕಷ್ಟು ಆಕಾಶ

ಡಿಸೆಂಬರ್ ಬಂತು ಅಂದ್ರೆ ಜೆಮಿನಿಡ್ ಉಲ್ಕಾವರ್ಷದ ಸುದ್ದಿ ಮೊಬೈಲ್ ತುಂಬಾ. ‘ಗಂಟೆಗೆ 120 ಉಲ್ಕೆ’ ಅಂತ ದೊಡ್ಡಕ್ಷರದಲ್ಲಿ ಹಾಕ್ತಾರೆ. ಪೂರ್ತಿ ಕತ್ತಲೆಯ ಆಕಾಶ, ಉಲ್ಕೆಗಳು ಹೊರಡುವ ಜಾಗ ನೆತ್ತಿಯ ಮೇಲೆ ಇದ್ದರೆ ಮಾತ್ರ ಆ ಲೆಕ್ಕ. ನಮ್ಮ ದೇವರಾಜ ಮೊಹಲ್ಲಾದ ಬೀದಿದೀಪಗಳ ನಡುವೆ ಅದರಲ್ಲಿ ಒಂದು ಪಾಲು ಕಂಡರೂ ಪುಣ್ಯ. ಜೊತೆಗೊಂದು ಸಲಹೆ ಇರುತ್ತೆ: ಒಂದೇ ಕಡೆ ನೋಡಬೇಡಿ, ಚಾಪೆ ಹಾಸಿ ಮಲಗಿ, ಇಡೀ ಆಕಾಶದ ಮೇಲೆ ಕಣ್ಣಿಡಿ.

ನಮ್ಮಪ್ಪನಿಗೆ ಈ ಸಲಹೆ ಉಪಯೋಗಕ್ಕೆ ಬರಲ್ಲ. ಗ್ಲಾಕೋಮಾದಿಂದ ಅವರ ಅಕ್ಕಪಕ್ಕದ ದೃಷ್ಟಿ ಹೋಗಿದೆ. ನೇರಕ್ಕೆ ಇರೋದು ಕಾಣುತ್ತೆ, ಪೇಪರ್ ಓದ್ತಾರೆ. ಪಕ್ಕದಲ್ಲಿ ಬಂದು ನಿಂತವರು ಕಾಣಲ್ಲ. ಮಾರ್ಕೆಟ್ಟಿಗೆ ಒಬ್ಬರೇ ಹೋಗೋದನ್ನೂ ಬಿಟ್ಟಿದ್ದಾರೆ. “ನೀವು ಅಲ್ನೋಡಿ ಅಂತ ಕೂಗಿ, ನಾನು ಕತ್ತು ತಿರುಗಿಸೋ ಹೊತ್ತಿಗೆ ಅದು ಮುಗಿದಿರುತ್ತೆ. ನೀವೇ ನೋಡ್ಕೊಳ್ಳಿ” ಅಂದುಬಿಟ್ಟಿದ್ರು.

ಮಳೆಯಲ್ಲಿ ರಾತ್ರಿ ಕಾರು ಓಡಿಸಿದ್ದೀರಾ? ಹನಿಗಳೆಲ್ಲ ಎದುರಿನ ಒಂದೇ ಬಿಂದುವಿನಿಂದ ಸಿಡಿದು ಬಂದಂತೆ ಕಾಣುತ್ತವೆ. ಉಲ್ಕಾವರ್ಷವೂ ಹಾಗೇ. ಧೂಳಿನ ಕಣಗಳು ಸಮಾನಾಂತರವಾಗಿ ಬರ್ತಿದ್ರೂ ಒಂದೇ ಬಿಂದುವಿನಿಂದ ಚೆದುರಿದ ಹಾಗೆ ಕಾಣುತ್ತೆ. ಆ ಬಿಂದುವಿನಿಂದ ದೂರ ಹೋದಷ್ಟೂ ಗೆರೆ ಉದ್ದ, ವೇಗ ಜಾಸ್ತಿ. ಹತ್ತಿರದಲ್ಲಿ ಗೆರೆ ಗಿಡ್ಡ, ನಿಧಾನ. ಹಾಗಾಗಿಯೇ ಆ ಬಿಂದುವನ್ನೇ ದಿಟ್ಟಿಸಬೇಡಿ ಅನ್ನೋದು. ಆದರೆ ಅಪ್ಪನಿಗೆ ಬೇಕಾಗಿದ್ದು ಗಿಡ್ಡ ಗೆರೆಯೇ! ಶುರುವಿನಿಂದ ಕೊನೆಯವರೆಗೆ ಅವರ ಪುಟ್ಟ ಕಿಟಕಿಯೊಳಗೆ ಹಿಡಿಸುವಂಥದ್ದು. ಅದಕ್ಕೆ ಜೆಮಿನಿಡ್ ಸರಿ. ಲಿಯೊನಿಡ್ ಉಲ್ಕೆಗಳು ಸೆಕೆಂಡಿಗೆ 71 ಕಿ.ಮೀ. ವೇಗದಲ್ಲಿ ಬಂದರೆ ಇವು ಸುಮಾರು 35.

2023ರಲ್ಲಿ ಅಮಾವಾಸ್ಯೆ ಕಳೆದ ಎರಡನೇ ದಿನಕ್ಕೇ ಜೆಮಿನಿಡ್‌ನ ಜೋರು ರಾತ್ರಿ, ಡಿಸೆಂಬರ್ 14. ಚಂದ್ರನ ಕಾಟ ಇಲ್ಲ. ಆ್ಯಪ್ ತೆರೆದರೆ ಜಾಗ ತೋರಿಸುತ್ತೆ, ನಿಜ. ಆದರೆ ಸ್ಕ್ರೀನಿನ ಬೆಳಕು ಒಮ್ಮೆ ಬಿದ್ದರೆ ಅಪ್ಪನ ಕಣ್ಣು ಮತ್ತೆ ಕತ್ತಲೆಗೆ ಒಗ್ಗಲು ಬಹಳ ಹೊತ್ತು ಬೇಕು. ಸಂಜೆಯೇ ಪೆನ್ನು, ಪೇಪರ್ ಹಿಡಿದು ಕೂತೆ.

ಭೂಮಿಯ ಮೇಲೆ ಅಕ್ಷಾಂಶ, ರೇಖಾಂಶ ಇದ್ದಂತೆ ಆಕಾಶಕ್ಕೂ ಎರಡು ಅಂಕಿ. ಜೆಮಿನಿಡ್ ಬಿಂದುವಿನ ಡೆಕ್ಲಿನೇಷನ್ ಉತ್ತರ 33 ಡಿಗ್ರಿ. ಮೈಸೂರಿನ ಅಕ್ಷಾಂಶ 12.3. ಕಳೆದರೆ ಹತ್ತಿರ ಹತ್ತಿರ 21. ಅಂದರೆ ಅದು ಅತಿ ಎತ್ತರಕ್ಕೆ ಏರಿದಾಗ ನೆತ್ತಿಯಿಂದ ಉತ್ತರಕ್ಕೆ 21 ಡಿಗ್ರಿ ಇರುತ್ತೆ. ತೋಳು ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಎರಡು ಮುಷ್ಟಿ ಸಾಕು. ಇನ್ನೊಂದು ಅಂಕಿ ರೈಟ್ ಅಸೆನ್ಷನ್, 7 ಗಂಟೆ 28 ನಿಮಿಷ. ಅದು ಗಡಿಯಾರದ ಸಮಯ ಅಲ್ಲ, ನಕ್ಷತ್ರಗಳ ಸಮಯ. ಆ ದಿನಕ್ಕೂ ಮೈಸೂರಿನ ರೇಖಾಂಶಕ್ಕೂ ಹೊಂದಿಸಿದರೆ ರಾತ್ರಿ ಎರಡೂಕಾಲು ಬಂತು. ಹತ್ತೂವರೆಗೇ ನೋಡಬಹುದಿತ್ತು, ಆದರೆ ಆಗ ಅದು 34 ಡಿಗ್ರಿ ಎತ್ತರದಲ್ಲಷ್ಟೇ. ಸಿಗೋ ಉಲ್ಕೆಗಳೂ ಹೆಚ್ಚುಕಮ್ಮಿ ಅರ್ಧ.

“ಸರಿ ರಾತ್ರೀಲಿ ಅವರನ್ನ ಮಹಡಿ ಹತ್ತಿಸ್ತೀಯಾ?” ಅಂತ ಅಮ್ಮ ರೇಗಿದ್ರು. ರೇಗ್ತಾನೇ ಮಫ್ಲರ್ ತಂದುಕೊಟ್ರು.

ನೀರಿನ ಟ್ಯಾಂಕಿನ ಮರೆಯಲ್ಲಿ, ಬೀದಿದೀಪ ಕಣ್ಣಿಗೆ ಬೀಳದ ಹಾಗೆ ಈಸಿಚೇರನ್ನು ಉತ್ತರಕ್ಕೆ ತಿರುಗಿಸಿ ಹಾಕಿದೆ. ಅಪ್ಪನ ಕೈ ಹಿಡಿದು ಅವರದೇ ಮುಷ್ಟಿಯಿಂದ ನೆತ್ತಿಯಿಂದ ಕೆಳಕ್ಕೆ ಎರಡು ಸಲ ಅಳೆಸಿದೆ. ಅಲ್ಲಿ ಜೋಡಿ ನಕ್ಷತ್ರ, ಕ್ಯಾಸ್ಟರ್ ಮತ್ತು ಪೊಲ್ಲಕ್ಸ್. ಕ್ಯಾಸ್ಟರ್‌ನಿಂದ ಎರಡು ಕಿರುಬೆರಳಿನಷ್ಟು ಆಚೆಗೆ ನಮ್ಮ ಬಿಂದು.

“ಮಿಥುನ ರಾಶಿ ಜೋಡಿ ಅಂದ್ರೆ ಪುನರ್ವಸು ಅಲ್ವೇನೇ? ನಿಮ್ಮಜ್ಜಿ ನಕ್ಷತ್ರ ಕಣೇ ಅದು.”

ಹೌದಲ್ಲ! ಪಂಚಾಂಗದಲ್ಲಿ ಓದಿದ ಹೆಸರು ಆಕಾಶದಲ್ಲಿ ಎಲ್ಲಿದೆ ಅಂತ ನಾವಿಬ್ಬರೂ ಅಲ್ಲಿತನಕ ಹುಡುಕಿರಲಿಲ್ಲ.

ಇಪ್ಪತ್ತು ನಿಮಿಷ ಏನೂ ಇಲ್ಲ. ನನಗೆ ಅಂಚಿನಲ್ಲಿ ಎರಡು ಕಂಡವು, ಬೇಕಂತಲೇ ಬಾಯಿ ಬಿಡಲಿಲ್ಲ. ಆಮೇಲೆ ಕುರ್ಚಿ ಕಿರ್ ಅಂತು.

“ಹೋಯ್ತು! ಇಷ್ಟೇ ಇಷ್ಟು. ನೀನು ನೋಡಿದ್ಯಾ?”

ನಾನು ನೋಡಿರಲಿಲ್ಲ, ಆಗ ಅವರ ಮುಖ ನೋಡ್ತಿದ್ದೆ.

ಮೂರೂಕಾಲರ ಹೊತ್ತಿಗೆ ನನ್ನ ಲೆಕ್ಕ 19, ಅವರದು 4. ಆಕಾಶ ತಿರುಗಿದಂತೆ ಕುರ್ಚಿಯನ್ನೂ ಪಶ್ಚಿಮಕ್ಕೆ ಸ್ವಲ್ಪ ಸರಿಸಿದ್ದೆ. ಚಳಿ ಜಾಸ್ತಿಯಾಯ್ತು, ಇಳಿಯೋಣ್ವಾ ಅಂದೆ.

“ನಿನ್ನ ಬಿಂದು ಎಷ್ಟೊತ್ತಿಗೆ ಮುಳುಗುತ್ತೆ?”

“ಬೆಳಗ್ಗೆ ಒಂಬತ್ತರ ಹತ್ತಿರ ಅಪ್ಪಾ, ಬಿಸಿಲಲ್ಲಿ.”

“ಹಾಗಾದ್ರೆ ಇನ್ನೂ ಟೈಮಿದೆ. ಕೂತ್ಕೋ.”